ಹುಣಸೆ ನೆನೆಸಿಕೊ

ಕುಂತಿಬೆಟ್ಟದ ಬುಡ. ಟಾರ್ಪಾಲಿನ ಕೆಳಗೆ
ನಸುಕಿನ ನಾಲ್ಕೂಕಾಲು. ನನ್ನ ಕೈಲಿ ಹತ್ತಿಯುಂಡೆ.
ಮೂರು ರಾತ್ರಿ ಬಂಡೆ ಹತ್ತಿ ಇಳಿದವರು
ಸಾಲಾಗಿ ಬಂದು ಕೂರುತ್ತಾರೆ, ಎಂಜಲು ಕೊಡಲು.

'ಆಯಾಸ ಎಷ್ಟು? ಸೊನ್ನೆಯಿಂದ ಹತ್ತು.'
ಎಲ್ಲರದೂ ಎರಡು.
ಸುಬೇದಾರರು ಹಿಂದೆಯೇ ನಿಂತಿದ್ದಾರಲ್ಲ.

ಚಿನಕುರಳಿಯ ಚೆಲುವರಾಜುವೂ ಎರಡೇ ಬರೆದ;
ಎರಡರ ಬಾಲ ಮಾತ್ರ ಹಾಳೆ ದಾಟಿ
ಮೇಜಿನ ಮೇಲೆ ಹರಿದಿತ್ತು.
ಬಾಯೊಣಗಿ ಹತ್ತಿ ನೆನೆಯಲೊಲ್ಲದು.
'ಹುಣಸೆಹಣ್ಣು ನೆನೆಸಿಕೊಳ್ಳಪ್ಪ' ಅಂದೆ.
'ಉಪ್ಪು ಹಚ್ಚಿದ್ದಾ ಮೇಡಂ?'
ಅಂದವನು ಕಣ್ಣು ಮುಚ್ಚಿದ. ಅಷ್ಟೇ, ಗೊರಕೆ.

ಎರಡು ನಿಮಿಷಕ್ಕೆ ಹತ್ತಿ ತೆಗೆಯಬೇಕು, ನಿಯಮ.
ಸುಬೇದಾರರು ನನ್ನನ್ನು ನೋಡಿದರು,
ಗಡಿಯಾರ ನೋಡಿದರು,
ಬೆನ್ನು ತಿರುಗಿಸಿ
ಕತ್ತಲಲ್ಲಿ ಬೆಟ್ಟ ಹುಡುಕುತ್ತ ನಿಂತರು.

ಹಲ್ಲಿನ ನಡುವೆ ಹತ್ತಿ
ಈಗ ನೆನೆಯುತ್ತಿತ್ತು.