ಜಡ್ಡು

ಬಾಗಿಲು ತಟ್ಟಲಿಲ್ಲ. ಚಿಲಕವನ್ನು ಎರಡು ಸಲ ಅಲ್ಲಾಡಿಸಿದಳು,
ಇಪ್ಪತ್ಮೂರು ವರ್ಷದ ಹಿಂದಿನ ಹಾಗೆಯೇ.
ತೆಗೆದರೆ ಟೈನ್ ನದಿಯ ಗಾಳಿ, ಗಾಳಿಯೊಳಗೆ ಡೀಸೆಲ್, ಉಪ್ಪು,
ಬೂದು ಸ್ಕಾರ್ಫಿನೊಳಗೆ ಅದೇ ಮೊಂಡು ಮೂಗು.
"ಥೆಲ್ಮಾ" ಅಂದೆ. ನಾಲಗೆ ಕಚ್ಚಿಕೊಂಡೆ. "ರುಖಯ್ಯಾ."
"ಹೇಗಾದರೂ ಕರಿ. ಮೊದಲು ಚಹಾಕ್ಕೆ ನೀರಿಡು."

ಸೌತ್ ಶೀಲ್ಡ್ಸ್‌ನಲ್ಲಿ ಇವಳ ಹಾಡಿಲ್ಲದ ಬಸ್ಸಿರಲಿಲ್ಲ ಒಂದು ಕಾಲಕ್ಕೆ.
ಮೀನು ಕರಿಯುವ ಅಂಗಡಿ, ಮದುವೆ, ಹಡಗುಕಟ್ಟೆ ಮುಚ್ಚಿದ ದಿನದ ಮೆರವಣಿಗೆ,
ಎಲ್ಲ ಕಡೆ ಅದೇ ಮೂರು ನಿಮಿಷ ಹತ್ತು ಸೆಕೆಂಡು.
ಆಮೇಲೆ ಒಂದು ದಿನ ನಿಲ್ಲಿಸಿದಳು,
ನಲ್ಲಿ ತಿರುಗಿಸಿದಂತೆ.
ಊರು ಕೇಳಿತು: ಯಾವ ಗಂಡಸಿಗಾಗಿ?
ಯಾರೂ ಇರಲಿಲ್ಲ.
ಅದನ್ನೇ ಊರಿಗೆ ತಡೆದುಕೊಳ್ಳಲಾಗಲಿಲ್ಲ.

ನನಗೆ ಒಂದೇ ಸಲ ಹೇಳಿದ್ದಾಳೆ, ಸಕ್ಕರೆ ಕಲಕುತ್ತ:
ಲೇಗೇಟಿನಲ್ಲಿ ಮಸೀದಿಯ ಕಿಟಕಿ ತೆರೆದಿತ್ತಂತೆ,
ಒಳಗೊಬ್ಬ ಹುಡುಗ ಒಂದೇ ಅಕ್ಷರ ತಪ್ಪುತ್ತಿದ್ದ,
ಗಂಟಲಿನ ತಳದ ಅಕ್ಷರ. ಹನ್ನೊಂದು ಸಲ ತಪ್ಪಿದ.
ಹನ್ನೆರಡಕ್ಕೆ ಬಂತು.
ಯಾರೂ ಚಪ್ಪಾಳೆ ತಟ್ಟಲಿಲ್ಲ, ಮುಂದಿನ ಅಕ್ಷರಕ್ಕೆ ಹೋದರು.
"ಅಷ್ಟೇ" ಅಂದಳು. "ನಿಂತುಬಿಟ್ಟೆ. ಬಸ್ಸು ಹೋಯಿತು."

ಅಂದಿನಿಂದ ಶಾಲೆಯ ಅಡುಗೆಮನೆಯಲ್ಲಿ
ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿದವಳು.

ಮೊದಲ ದಿನ ಬರೀ ದನಿ, ಒಂದು ದಫ್.
"ತಂತಿ ಸಲ್ಲದು ಅನ್ನುವವರಿದ್ದಾರೆ, ಸಲ್ಲುತ್ತದೆ ಅನ್ನುವವರೂ.
ನಾನಿನ್ನೂ ಇಬ್ಬರದೂ ಕೇಳುತ್ತಿದ್ದೇನೆ."
ಹೆಡ್‌ಫೋನು ಸ್ಕಾರ್ಫಿನ ಮೇಲೆ ಜಾರುತ್ತದೆ,
ಹಿಡಿದು ಕೂರಿಸಿದರೆ ಬಟ್ಟೆಯ ಸರಬರ ಮೈಕಿಗೆ ಬೀಳುತ್ತದೆ,
ಗದ್ದದಡಿಯ ಪಿನ್ನು ಟಿಕ್ಕೆನ್ನುತ್ತದೆ.
ಅವಳನ್ನೇ ಸರಿಪಡಿಸುತ್ತ ಬೆಳಗೆಲ್ಲ ಕಳೆದೆ.
ಮೈಕನ್ನು ಒಂದು ಗೇಣು ಹಿಂದಕ್ಕೆ ಸರಿಸಬಹುದು
ಅಂತ ಹೊಳೆದದ್ದು ಊಟದ ನಂತರ.

ಅಸರ್ ಹೊತ್ತಿಗೆ ಕೇಬಲ್ ಸುರುಳಿಗಳ ನಡುವೆ ಚಾಪೆ ಹಾಸಿದಳು.
ಶವಪೆಟ್ಟಿಗೆ ಹೊರಲು ಮಾತ್ರ ಚರ್ಚಿಗೆ ಹೋಗುವ ನಾನು
ದಿಕ್ಕು ತೋರಿಸಿದೆ:
ಫ್ರಿಜ್ಜಿನ ಎಡಕ್ಕೆ, ಗೋಡೆಯ ಬಿರುಕಿನ ಕಡೆ.

ಮುಂಚೆ ಅವಳ ದನಿ ನಮ್ಮನ್ನು ತಳ್ಳಿಕೊಂಡು ಬರುತ್ತಿತ್ತು,
ಬಾರಿನ ಬಾಗಿಲು ತಳ್ಳುವ ಹಾಗೆ.
ಈಗ ಕಾಯುತ್ತದೆ.
ಎರಡು ಉಸಿರು ಹಿಡಿಯುತ್ತಿದ್ದ ಸಾಲಿಗೆ ಒಂದೇ ಸಾಕು, ಇನ್ನೂ ಉಳಿಯುತ್ತದೆ.
ಉಳಿದದ್ದನ್ನು ಏನು ಮಾಡುವುದೋ ಅವಳಿಗೂ ಗೊತ್ತಿಲ್ಲ,
ಸಾಲಿನ ಕೊನೆಯಲ್ಲಿ ಹಾಗೇ ಬಿಡುತ್ತಾಳೆ.

"ಆ ಹಳೆಯದನ್ನು ಹಾಡುತ್ತೀಯಾ?"
"ಅದು ಆ ಹುಡುಗಿಯದು. ಅವಳಿಗೇ ಬಿಟ್ಟಿದ್ದೇನೆ."
ಹೊಸದರಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ.
ನಸುಕಿನ ಫೆರಿ ಹಿಡಿಯುವ ಹೆಂಗಸರಿದ್ದಾರೆ,
ತೊಡೆಯ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ನಿದ್ದೆ.

ಓಷನ್ ರೋಡಿನ ಹಳೆ ಸಾಮಾನಿನ ಅಂಗಡಿಗೆ ಅವಳು ದಾನ ಕೊಟ್ಟ ಗಿಟಾರು
ನಲವತ್ತು ಪೌಂಡಿಗೆ ಕೊಂಡು ಕಪಾಟಿನಲ್ಲಿಟ್ಟಿದ್ದೆ. ಹೇಳಿರಲಿಲ್ಲ.
ಮೂರನೆಯ ದಿನ ಹೊಸ ತಂತಿ ಬಿಗಿದು ಗೋಡೆಗೊರಗಿಸಿ
ನೋಡದವನಂತೆ ಕೇಬಲ್ ಸುತ್ತುತ್ತ ಕೂತೆ.
ಚಹಾ ಕುಡಿದಳು. ಇನ್ನೊಂದು ಕುಡಿದಳು.
ಆಮೇಲೆ ಎತ್ತಿಕೊಂಡಳು,
ಬೇರೆಯವರ ಮಗುವನ್ನು ಎತ್ತಿಕೊಳ್ಳುವ ಹಾಗೆ, ಕತ್ತಿಗೆ ಕೈಕೊಟ್ಟು.

ಒಂದೇ ಮೀಟು. "ಅಯ್ಯಬ್ಬಾ" ಎಂದು ನಕ್ಕು ಬೆರಳು ಚಾಚಿದಳು.
ಜಡ್ಡು ಪೂರಾ ಹೋಗಿತ್ತು. ಬೇಯಿಸಿದ ನೀರಿಗೆ ನೆನೆನೆನೆದು
ಮೆತ್ತಗಾದ ತುದಿಗಳಲ್ಲಿ ತಂತಿಯ ಕೆಂಪು ಗೀರು.
ಬಗ್ಗಿದಾಗ ಸ್ಕಾರ್ಫಿನಂಚು ಒಂಚೂರು ಸರಿಯಿತು:
ಹಣೆಯಲ್ಲಿ, ಪೆನ್ನಿಯಷ್ಟಗಲ, ಒರಟು.
ನಾನು ನೋಡಿದ್ದು ಗೊತ್ತಾಗಿ ಬಟ್ಟೆ ಎಳೆದುಕೊಂಡಳು.

ಸಂಜೆಯ ಟೇಕು ಚೆನ್ನಾಗಿತ್ತು. ಕೊನೆಯ ಸಾಲು,
ಉಳಿದ ಉಸಿರು, ಅದರೊಳಗೆ ಸರಿಯಾಗಿ
ಹೊರಗೆ ಫೆರಿ ಕೂಗಿತು.
"ಹಾಳಾಯಿತು. ತೆಗೆದುಹಾಕಲೇ?"
"ಇರು. ಯಾವ ಶ್ರುತಿ ಅದು?"
ಹಿಂದಕ್ಕೆ ತಿರುಗಿಸಿ ಕೇಳಿದೆವು. ನಮಗಿಂತ ಅರ್ಧ ಸ್ವರ ಕೆಳಗೆ.
"ಹಾಗಾದರೆ ತಪ್ಪು ನಮ್ಮದೇ" ಅಂದಳು,
ಉರಿಯುವ ಬೆರಳಿಂದ ಆರೂ ತಂತಿ ಒಂದೊಂದಾಗಿ ಇಳಿಸಿದಳು.
ಮುಂದಿನ ಫೆರಿಗೆ ಇಪ್ಪತ್ತು ನಿಮಿಷವಿತ್ತು.
ತುಟಿ ಅಲ್ಲಾಡಿತು, ದನಿಯಿಲ್ಲದೆ.
ನಾನು ಕೆಂಪು ದೀಪ ಹತ್ತಿಸಿದೆ.