ಕಡವಿನ ಸೇಂದಿಖಾನೆ

ತಿಂಗಳಿಗೊಮ್ಮೆ, ಎಂಟರಿಂದ ಹತ್ತರ ಒಳಗೆ,
ರಾಯಚೂರು ಆಫೀಸಿನ ಯಂತ್ರ ಹೆಗಲಿಗೆ ಹಾಕಿ
ಕೃಷ್ಣೆಯ ದಡದ ಆ ಊರಿಗೆ ಮೀಟರ್ ಓದಲು ಹೋಗುತ್ತೇನೆ.
ಗಿರಣಿ, ಶಾಲೆ, ಮಸೀದಿ, ಎರಡು ಕಿರಾಣಿ ಮುಗಿಸಿ
ಕೊನೆಗೆ ಇಳಿಜಾರಿನಲ್ಲಿ, ಜಾಲಿಯ ನಡುವೆ,
ಹರಿಗೋಲು ಇಲ್ಲದ ಕಡವಿನ ಮೇಲೆ
ಸೇಂದಿ ಇಲ್ಲದ ಸೇಂದಿಖಾನೆ.

ಕಡತದಲ್ಲಿ ಇನ್ನೂ ಅದು ವಾಣಿಜ್ಯ.
ಬಳಕೆ ಮೂರು ಯೂನಿಟ್ಟು. ಹೋದ ತಿಂಗಳೂ ಮೂರು.
ಅದರ ಹಿಂದಿನದೂ.

ಬಾಗಿಲು ತೆಗೆಯುವವಳು ಕಲಾಲರ ತಾಯಮ್ಮ.
ಚಪ್ಪಲಿ ಹೊರಗೆ ಬಿಡಿಸುತ್ತಾಳೆ. ಗುಡಿಯಲ್ಲಿ ಬಿಡಿಸಿದ ಹಾಗಲ್ಲ,
ಆಗಷ್ಟೇ ಸಾರಿಸಿದ ಅಡುಗೆಮನೆಗೆ ಬಿಡಿಸಿದ ಹಾಗೆ.
ಮೀಟರ್ ಒಳಗೋಡೆಗಿದೆ. ಅದಕ್ಕೇ ನನಗೆ ಒಳಗು ಗೊತ್ತು.

ಬೇವಿನ ಬೆಂಚು. ಕೂತು ಕೂತು ಬಿದ್ದ ಎರಡು ತಗ್ಗು,
ಒಂದು ಆಳ, ಒಂದು ಅಷ್ಟಿಲ್ಲ.
ಹೊಸ್ತಿಲಿಗೆ ಬಡಿದ ನಿಜಾಮನ ಕಾಲದ ದುಡ್ಡು,
ಅಕ್ಷರ ಸವೆದು ಈಗ ಬರೀ ದುಂಡಗೆ.
ಮರ ಏರುವ ಮೋಕು, ಮೊಳೆಯಲ್ಲಿ, ಒಣಗಿದ ಹಾವಿನ ಹಾಗೆ.
ಗೂಡಿನಲ್ಲಿ ಬೋರಲು ಹಾಕಿದ ಮಣ್ಣಿನ ಮಗೆ ಹತ್ತೊಂಬತ್ತು.
ಇಪ್ಪತ್ತನೆಯದು ಯಾವುದೋ ಮದುವೆಯ ಜಗಳದಲ್ಲಿ ಒಡೆಯಿತಂತೆ,
ಯಾರ ತಲೆಯ ಮೇಲೆ ಎಂದು ಮಾತ್ರ ಹೇಳಿಲ್ಲ.
ಬಾಗಿಲ ಪಕ್ಕ ಏಳು ಗೂಟ,
ಅಂಬಿಗರು ಹುಟ್ಟು ತೂಗುಹಾಕಿ ಒಳಗೆ ಬರುತ್ತಿದ್ದದ್ದು.
ಹುಟ್ಟು ಹಿಡಿದವನಿಗೆ ಮಗೆ ಇಲ್ಲ,
ಮಗೆ ಹಿಡಿದವನಿಗೆ ಹುಟ್ಟು ಇಲ್ಲ.
ಅವಳ ಮಾವನ ಕಾನೂನು.

ಮತ್ತೆ ಆ ಗೋಡೆ.
ನೆರೆ ಎದೆಮಟ್ಟ ನಿಂತು ಹೋದ ಕಂದು ಗೆರೆ.
ಅದರ ಮೇಲೆ ಇದ್ದಿಲಿನಲ್ಲಿ ಗೆರೆ, ಗೆರೆ, ಗೆರೆ:
ನಾಲ್ಕು ನೆಟ್ಟಗೆ, ಒಂದು ಅಡ್ಡ.
ಹೆಸರಿನ ಜಾಗದಲ್ಲಿ ಮೀನು, ಕುಡುಗೋಲು, ಕುರಿಯ ಕೊಂಬು,
ಒಂದು ಕಡೆ ಬರೀ ಮೀಸೆ.

ಸುಣ್ಣ ಹೊಡಿಸಬಾರದೇನು ಎಂದಿದ್ದೆ ಒಮ್ಮೆ.
‘ಸುಣ್ಣ ಹೊಡದ್ರ ಸಾಲ ಹರೀತದ.
ಸಾಲ ಹರದ್ರ ಮಂದೀನೂ ಹರದು ಹೋಗ್ತಾರಲ್ಲಪಾ,
ಹೊಳಿ ಹರದಂಗ.’

ಸೇಂದಿ ಬಂದಾದ ದಿನ ಅವಳ ಗಂಡ
ಕಡೆಯ ಗಡಿಗೆಯನ್ನು ಮೆಟ್ಟಿಲಿಗೆ ಸುರಿದನಂತೆ.
ಮೂರು ದಿನ ಊರಿನ ಇರುವೆಗಳಿಗೆ ದಾರಿ ತಪ್ಪಿತ್ತಂತೆ.
ಆಮೇಲೆ ಸೇತುವೆ ಬಂತು. ಕಡವಿಗೆ ಬರಲು ಯಾರಿಗೂ ಕಾರಣ ಉಳಿಯಲಿಲ್ಲ,
ನನ್ನೊಬ್ಬನ ಹೊರತು.

ಈ ತಿಂಗಳು ಹನ್ನೊಂದು.
ಮೀಟರ್ ತಟ್ಟಿದೆ. ಗಾಜು ಒರೆಸಿದೆ.
ಹನ್ನೊಂದೇ.

‘ಅಂಬಿಗರ ಯಂಕೋಬ ಹೋದ. ಅದs, ಮೀಸಿ.
ಹತ್ತು ದಿನ ಮುಗಿಯೂತನ ದೀಪ ಆರಸಲಿಲ್ಲ.
ಉಳದ ನಾಕು ಮಂದಿ ದಿನಾ ಸಂಜಿಗೆ ಬಂದ್ರು.
ಹುಟ್ಟು ಎಲ್ಯದಾವು? ಊರುಗೋಲs ಗೂಟಕ್ಕ ಹಾಕಿ ಕುಂತ್ರು.’
ಏನು ಕುಡಿದರು?
‘ಹೊಳಿ ನೀರು. ಮಗೀಲೆ.’
ಆಮೇಲೆ?
‘ಆಮ್ಯಾಲೇನು, ಜಗಳಾಡಿದ್ರು.
ಆಳದ ತಗ್ಗಿನಾಗ ಮಾತ್ರ ಒಬ್ರೂ ಕುಂಡ್ರಲಿಲ್ಲ.’

ಗೂಡಿನ ಕಡೆ ನೋಡಿದೆ.
ಐದು ಮಗೆಗಳ ಕೆಳಗೆ ಇನ್ನೂ ತೇವ.
ಐದು. ನಾಲ್ಕಲ್ಲ. ನಾನು ಕೇಳಲಿಲ್ಲ.

ಯಂತ್ರ ಕಿರ್ರೆಂದು ಬಿಲ್ಲು ಉಗುಳಿತು.
ಯಾವಾಗಿನಂತೆ, ನೀನೇ ಕಟ್ಟಿಬಿಡು ಎಂದು ಸೆರಗಿನ ಗಂಟು ಬಿಚ್ಚಿದಳು.
ಎರಡು ರೂಪಾಯಿ ನಾನು ಹಿಂದೆ ಕೊಡಬೇಕು,
ಚಿಲ್ಲರೆ ಇಲ್ಲ ಎಂದೆ.

ಇದ್ದಿಲು ತಗೊಂಡಳು.
ನನ್ನನ್ನೂ ಯಂತ್ರವನ್ನೂ ಒಮ್ಮೆ ನೋಡಿ
ಗೋಡೆಗೆ ಒಂದು ಸಣ್ಣ ಬಲ್ಬು ಬರೆದಳು,
ಪಕ್ಕದಲ್ಲಿ ಎರಡು ಗೆರೆ,
ನೆರೆಯ ಗುರುತಿಗಿಂತ ಒಂದು ಗೇಣು ಮೇಲೆ.
‘ಇಲ್ಲೀತನ ನೀರು ಬರಂಗಿಲ್ಲ’ ಎಂದಳು.

ಬೈಕು ಹತ್ತಿ ಏರು ಏರುವಾಗ
ಒಳಜೇಬಿನಲ್ಲಿ ಚಿಲ್ಲರೆ ಸದ್ದು ಮಾಡಿತು.
ಹಿಂತಿರುಗಲಿಲ್ಲ.