ಒಂದಕ್ಕೆ ಎಪ್ಪತ್ತೆರಡು

ಸಾಲಗಾಮೆ ರಸ್ತೆಯಲ್ಲಿ ನನ್ನ ಹಲ್ಲಿನ ಲ್ಯಾಬು.
ಹಗಲೆಲ್ಲ ಹಾಸನದ ಬಾಯಿಗಳಿಗೆ
ಹಲ್ಲು ಕಟ್ಟುತ್ತೇನೆ. ಷಟರು ಅರ್ಧ ಇಳಿದ ಮೇಲೆ
ಅದೇ ದೀಪ, ಅದೇ ಚಿಮುಟ,
ಅಂಗೈ ಮೇಲೆ ಕೂರುವ ಮಿಗ್ ವಿಮಾನ.

ಕಡ್ಡಿಯಿಂದ ರೆಕ್ಕೆ ಕತ್ತರಿಸು, ಉಜ್ಜು, ಅಂಟಿಸು,
ಸಂದಿಗೆ ಪುಟ್ಟಿ ಮೆತ್ತು, ಮತ್ತೆ ಉಜ್ಜು.
ಉಗುರುಬೆಚ್ಚಗಿನ ನೀರಲ್ಲಿ
ಕೇಸರಿ ಬಿಳಿ ಹಸಿರಿನ ವೃತ್ತ
ಹಾಳೆ ಬಿಟ್ಟು ಜಾರುವಾಗ ಉಸಿರು ಹಿಡಿ.
ಕೊನೆಗೆ ಮಸಿ, ಎಣ್ಣೆಯ ಜಿನುಗು, ಧೂಳು.
ಹೊಸದನ್ನು ಹಳತು ಮಾಡುವುದೇ
ದೊಡ್ಡ ಕಲೆ ಅಂದುಕೊಂಡಿದ್ದೆ.

ಕೆಳದವಡೆಯ ಸೆಟ್ಟು ಒಯ್ಯಲು ಬಂದ ಸಣ್ಣಾಚಾರ್,
ಏರ್‌ಫೋರ್ಸಿನಲ್ಲಿ ಇಪ್ಪತ್ತು ವರ್ಷ ಫಿಟ್ಟರು,
ಕನ್ನಡಕ ಹಣೆಗೇರಿಸಿ ನೋಡಿದರು:
"ಇಷ್ಟು ಕೊಳಕು ಯಾರಮ್ಮ ಬಿಡ್ತಿದ್ರು?
ಸಂಜೆ ಸಂಜೆ ಒರೆಸ್ತಿದ್ವಿ,
ಎತ್ತಿನ ಮೈ ತೊಳೆದ ಹಾಗೆ."

ಟರ್ಪೆಂಟೈನು, ಹತ್ತಿ, ಎರಡು ರಾತ್ರಿ.
ನನ್ನ ಕಲೆಯೆಲ್ಲ ಅಳಿಸಿದೆ.

ಸೆಟ್ಟು ಸಡಿಲ ಅಂತ ಮತ್ತೆ ಬಂದರು.
ಸಡಿಲವಿರಲಿಲ್ಲ.
"ಎಡ ರೆಕ್ಕೆ ಬುಡದಲ್ಲಿ ಒಂದು ಗೀರಿತ್ತು,
ಗೇಣುದ್ದ. ಸ್ಕ್ರೂಡ್ರೈವರು ಜಾರಿ. ನಾನೇ.
ಯಾರಿಗೂ ಹೇಳಿರಲಿಲ್ಲ."

ಗೇಣನ್ನು ಎಪ್ಪತ್ತೆರಡು ಪಾಲು ಮಾಡಿದರೆ
ಒಂದು ಎಳ್ಳು.
ಡಾಕ್ಟರು ಬಿಸಾಡಿದ್ದ,
ಹುಳುಕು ಹುಡುಕುವ ಮೊನೆಯಲ್ಲಿ
ಎಳೆದೆ.

"ಇನ್ನೊಂಚೂರು ಹಿಂದೆ ಇತ್ತು," ಅಂದರು.
ಆಮೇಲೆ, "ಇರಲಿ ಬಿಡು."

ಮುಟ್ಟಲು ಚಾಚಿದ ಬೆರಳನ್ನು
ಅಂಗಿಗೆ ಒರೆಸಿಕೊಂಡರು,
ಮತ್ತೆ ಒರೆಸಿಕೊಂಡರು,
ಮುಟ್ಟದೆ ಜೇಬಿಗಿಟ್ಟರು.